ಹೊಟ್ಟೆಯ ತೊಂದರೆ ಇರುವ ಮಕ್ಕಳಿಗೆ ಐದು ಪಥ್ಯ: ಕರಾವಳಿಯ ಅಡುಗೆಮನೆಯಲ್ಲಿ ಯಾವುದು ನಿಲ್ಲುತ್ತದೆ?

ಬಾಳೆಹಣ್ಣಿನಿಂದಲೇ ಶುರು ಮಾಡೋಣ. ಎಸ್‌ಸಿಡಿ (ಸ್ಪೆಸಿಫಿಕ್ ಕಾರ್ಬೋಹೈಡ್ರೇಟ್ ಡಯಟ್, ಧಾನ್ಯ-ಪಿಷ್ಟ ಬಿಡುವ ಪಥ್ಯ) ಅನುಸರಿಸುವವರು ಸಿಪ್ಪೆಯ ಮೇಲೆ ಕಂದು ಚುಕ್ಕೆ ಬಿದ್ದ ಹಣ್ಣನ್ನೇ ಮಗುವಿಗೆ ಕೊಡಿ ಅನ್ನುತ್ತಾರೆ, ಪಿಷ್ಟವೆಲ್ಲ ಸಕ್ಕರೆಯಾಗಿರಬೇಕು ಅಂತ. ಲೋ-ಫಾಡ್‌ಮ್ಯಾಪ್‌ನಲ್ಲಿ (ಕರುಳು ಸರಿಯಾಗಿ ಹೀರದೆ ಹುಳಿದು ಗಾಳಿ ತುಂಬಿಸುವ ಸಕ್ಕರೆಗಳನ್ನು ಕಡಿಮೆ ಮಾಡುವ ಪಥ್ಯ) ಅದೇ ಹಣ್ಣು ಬೇಡ. ಹಣ್ಣಾಗುತ್ತ ಹೋದಂತೆ ಫ್ರಕ್ಟಾನ್ ಎಂಬ ಅಂಥ ಸಕ್ಕರೆ ಏರುತ್ತದೆ, ಹಾಗಾಗಿ ಗಟ್ಟಿ ಇರುವಾಗಲೇ ತಿನ್ನಿಸಿ ಅನ್ನುತ್ತಾರೆ. ಜೇನುತುಪ್ಪ ಮೊದಲನೆಯದರಲ್ಲಿ ಸಕ್ಕರೆಯ ಜಾಗಕ್ಕೆ ಬರುತ್ತದೆ, ಎರಡನೆಯದರಲ್ಲಿ ಮುಟ್ಟುವಂತಿಲ್ಲ. ಅನ್ನ ಒಂದರಲ್ಲಿ ಒಂದು ಅಗುಳೂ ಇಲ್ಲ, ಇನ್ನೊಂದರಲ್ಲಿ ತಟ್ಟೆ ತುಂಬ. ಎರಡಕ್ಕೂ ಹೆಸರು ಮಾತ್ರ ‘ಕರುಳು ಗುಣಪಡಿಸುವ ಪಥ್ಯ’. ಎರಡನ್ನೂ ಕಲಸಿ ಮಾಡಿದರೆ ಮಗುವಿಗೆ ಉಳಿಯುವುದು ಬೇಯಿಸಿದ ಗಜ್ಜರಿ, ಕೋಳಿ, ಮೊಟ್ಟೆಯಂಥ ಕೆಲವೇ ತಿನಿಸು.

ಪಥ್ಯಕ್ಕಿಂತ ಮೊದಲು ರೋಗದ ಹೆಸರು ಗೊತ್ತಾಗಬೇಕು. ಮಕ್ಕಳ ಹೊಟ್ಟೆನೋವಿನ ಹಿಂದೆ ಬಹಳ ಸಲ ಇರುವುದು ಮಲಬದ್ಧತೆ. ಅದಕ್ಕೆ ಕೆಳಗೆ ಹೇಳುವ ಐದು ಪಥ್ಯಗಳಲ್ಲಿ ಯಾವುದೂ ಬೇಕಿಲ್ಲ. ಮಲ ಮೆತ್ತಗಾಗುವ ಔಷಧ, ಊಟವಾದ ಮೇಲೆ ಹತ್ತು ನಿಮಿಷ ಕೂರಿಸುವ ಅಭ್ಯಾಸ, ಕಾಲಡಿಗೆ ಒಂದು ಮಣೆ ಸಾಕು. ಎರಡು ವರ್ಷದ ಮಗು ತೂಕ ಚೆನ್ನಾಗಿದ್ದೂ ದಿನಕ್ಕೆ ನಾಲ್ಕೈದು ಸಲ ನೀರಾಗಿ ಹೋಗುತ್ತಿದ್ದರೆ ಮೊದಲು ಪ್ಯಾಕೆಟ್ ಜ್ಯೂಸ್ ನಿಲ್ಲಿಸಿ ನೋಡಿ. ಭೇದಿಯ ನಂತರ ಹಾಲು ಒಗ್ಗದೇ ಹೋಗುವುದು ಸಾಮಾನ್ಯವಾಗಿ ಕೆಲವೇ ವಾರಗಳ ಮಾತು.

ಗ್ಲುಟೆನ್ (ಗೋಧಿಯಲ್ಲಿರುವ ಪ್ರೋಟೀನ್) ಇಲ್ಲದ ಪಥ್ಯ: ಆ ಗ್ಲುಟೆನ್‌ನಿಂದಲೇ ಕರುಳು ಹಾಳಾಗುವ ಸೀಲಿಯಾಕ್ ರೋಗ ಇದ್ದರೆ ಇದೇ ಚಿಕಿತ್ಸೆ, ಬೇರೆ ಮದ್ದಿಲ್ಲ, ಜೀವನಪೂರ್ತಿ. ಗೋಧಿಯೇ ಕಾರಣವೆಂದು ಹಿಡಿದುಕೊಟ್ಟವರು ಡಚ್ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ, 1950ರ ತಮ್ಮ ಪ್ರಬಂಧದಲ್ಲಿ. ನಮ್ಮ ಕಡೆ ಆಗುವ ದೊಡ್ಡ ತಪ್ಪು ಎಂದರೆ ರಕ್ತಪರೀಕ್ಷೆಗೂ ಮೊದಲೇ ಗೋಧಿ ನಿಲ್ಲಿಸುವುದು. ಟಿಟಿಜಿ-ಐಜಿಎ ಪರೀಕ್ಷೆ ಹುಡುಕುವುದು ಗ್ಲುಟೆನ್‌ಗೆ ದೇಹ ತೋರಿಸುವ ಪ್ರತಿಕ್ರಿಯೆಯನ್ನು. ಗೋಧಿ ಹೊಟ್ಟೆಗೆ ಹೋಗದಿದ್ದರೆ ಅದು ಸಿಗುವುದಿಲ್ಲ. ಘಟ್ಟದ ಕೆಳಗಿನ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಮೂರು ಹೊತ್ತೂ ಗಂಜಿ, ಅನ್ನ, ದೋಸೆ ತಿನ್ನುವ ಮಗುವಿಗೆ ಗೋಧಿ ಸಿಗುವುದು ಬಿಸ್ಕತ್ತಿನಲ್ಲಿ, ಬನ್ನಿನಲ್ಲಿ ಮಾತ್ರ. ಅಷ್ಟು ಕಡಿಮೆಯಾದರೆ ಪರೀಕ್ಷೆ ಸುಳ್ಳೇ ‘ಇಲ್ಲ’ ಎನ್ನಬಹುದು. ಬ್ರಿಟನ್ನಿನ ಮಾರ್ಗಸೂಚಿಯ ಪ್ರಕಾರ ಪರೀಕ್ಷೆಗೆ ಮೊದಲು ಕನಿಷ್ಠ 6 ವಾರ, ದಿನವೂ ಒಂದಕ್ಕಿಂತ ಹೆಚ್ಚು ಊಟದಲ್ಲಿ ಗ್ಲುಟೆನ್ ಇರಬೇಕು. ಜೊತೆಗೆ ರಕ್ತದಲ್ಲಿರುವ ಒಟ್ಟು ಐಜಿಎ (ಒಂದು ಬಗೆಯ ಪ್ರತಿಕಾಯ) ಪರೀಕ್ಷೆಯನ್ನೂ ಬರೆಸಿಕೊಳ್ಳಿ. ಅದೇ ಹುಟ್ಟಿನಿಂದ ಕಡಿಮೆ ಇರುವ ಮಕ್ಕಳಲ್ಲಿ ಟಿಟಿಜಿ-ಐಜಿಎ ನಂಬುವ ಹಾಗಿಲ್ಲ.

ಸೀಲಿಯಾಕ್ ಎಂದು ಖಚಿತವಾದರೆ ಕರಾವಳಿಯಲ್ಲಿ ಅರ್ಧ ಕೆಲಸ ಮುಗಿದ ಹಾಗೆಯೇ. ಕುಚ್ಚಲಕ್ಕಿ ಗಂಜಿ, ತೆಳ್ಳೇವು, ಮೀನುಸಾರು, ತಂಬುಳಿ ಎಲ್ಲ ನಡೆಯುತ್ತದೆ. ಕೈಕೊಡುವುದು ಕಣ್ಣಿಗೆ ಕಾಣದ ಗೋಧಿ. ಅಂಗಡಿಯ ಇಂಗಿನ ಡಬ್ಬಿಯ ಹಿಂದೆ ಓದಿ, ಹೆಚ್ಚಿನವುಗಳಲ್ಲಿ ಗೋಧಿಹಿಟ್ಟು ಅಥವಾ ಮೈದಾ ಸೇರಿರುತ್ತದೆ. ಅದೇ ಇಂಗು ಸಾಂಬಾರಿಗೆ, ಉಪ್ಪಿನಕಾಯಿಗೆ, ಹಪ್ಪಳಕ್ಕೂ ಹೋಗಿರುತ್ತದೆ. ಬಂಗುಡೆ ರವಾ ಫ್ರೈ ಮಾಡುವ ರವೆ ಗೋಧಿಯದು. ಮನೆಯಲ್ಲಿ ಅಕ್ಕಿರವೆಯಲ್ಲಿ ಹೊರಳಿಸಿದರೆ ಅಷ್ಟೇ ಗರಿಗರಿ ಆಗುತ್ತದೆ. ಹೋಟೆಲಿನಲ್ಲಿ ‘ಮಸಾಲೆ ಮಾತ್ರ ಹಚ್ಚಿ’ ಎಂದರೂ ಕಾವಲಿ, ಎಣ್ಣೆ ಎರಡೂ ಅವೇ. ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿಗೇ ನಿಮ್ಮ ಅಕ್ಕಿ ಸುರಿದರೆ ಹಿಟ್ಟು ಕೆಟ್ಟಿತು. ಮನೆಯ ಮಿಕ್ಸಿಯೋ ಚಿಕ್ಕ ಗಿರಣಿಯೋ ಬೇಕು. ಶಾಲೆಯ ಬಿಸಿಯೂಟದಲ್ಲಿ ಅನ್ನ ಸರಿ, ಸಾಂಬಾರ್ ಪುಡಿಯನ್ನು ಮಾತ್ರ ವಿಚಾರಿಸಿ. ಪ್ಯಾಕೆಟ್ ಮೇಲೆ ‘ಗ್ಲುಟೆನ್ ಫ್ರೀ’ ಎಂದಿದ್ದರೆ ಒಂದು ಕಿಲೋಗೆ 20 ಮಿಲಿಗ್ರಾಂ ಮೀರಬಾರದು ಎಂಬುದು ನಮ್ಮ ಆಹಾರ ಸುರಕ್ಷತಾ ನಿಯಮ.

ಎಸ್‌ಸಿಡಿ: ಇದರ ಬೇರು ನ್ಯೂಯಾರ್ಕಿನ ಡಾ. ಸಿಡ್ನಿ ಹಾಸ್ 1924ರಲ್ಲಿ ಸೀಲಿಯಾಕ್ ಮಕ್ಕಳಿಗೆ ಕೊಟ್ಟ ಬಾಳೆಹಣ್ಣಿನ ಪಥ್ಯದಲ್ಲಿದೆ. ಮಕ್ಕಳು ಸುಧಾರಿಸಿದ್ದು ನಿಜ. ಆದರೆ ಊಟದಿಂದ ಗೋಧಿ ಹೋದದ್ದರಿಂದ ಎಂಬುದು ಆಮೇಲೆ ಡಿಕ್ಕೆಯಿಂದ ತಿಳಿಯಿತು, ಪಿಷ್ಟ ಹೋದದ್ದರಿಂದಲ್ಲ. ಪಿಷ್ಟವೇ ಶತ್ರು ಎಂಬ ಹಳೆಯ ತರ್ಕವನ್ನು ಲೇಖಕಿ ಎಲೇನ್ ಗಾಟ್ಶಾಲ್ ಮುಂದುವರಿಸಿ ಜನಪ್ರಿಯಗೊಳಿಸಿದರು. ಧಾನ್ಯ, ಸಕ್ಕರೆ, ಆಲೂಗಡ್ಡೆ, ಗೆಣಸು, ಹಾಲು, ಹೆಸರು, ಕಡಲೆ ಎಲ್ಲ ಬಂದ್. ಮೊಸರು ಮಾತ್ರ ಇದೆ, ಆದರೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ತೀರುವ ತನಕ 24 ತಾಸು, 38ರಿಂದ 43 ಡಿಗ್ರಿಯಲ್ಲಿ ಹೆಪ್ಪು ಕಟ್ಟಬೇಕು. ಶಿರಸಿಯ ಚಳಿಗಾಲದಲ್ಲಿ ಪಾತ್ರೆಗೆ ಬಟ್ಟೆ ಸುತ್ತಿಟ್ಟರೆ ಆ ಬಿಸಿ ನಿಲ್ಲದು. ಮೊಸರಿನ ಯಂತ್ರ, ಥರ್ಮಾಮೀಟರ್ ಎರಡೂ ಬೇಕು.

ಇದರ ನಿಜವಾದ ಬೆಲೆ ಲೆಕ್ಕದಲ್ಲಿದೆ. ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1700 ಕ್ಯಾಲೊರಿ ಬೇಕು. 150 ಗ್ರಾಂ ಅಕ್ಕಿ ತೆಗೆದರೆ 500ಕ್ಕೂ ಹೆಚ್ಚು ಹೋಯಿತು. ಅದನ್ನು ತುಂಬಲು ಆರೇಳು ಸಣ್ಣ ಬಾಳೆಹಣ್ಣು ಬೇಕು, ಇಲ್ಲವೇ ದಿನವೂ ಹಿಡಿಗಟ್ಟಲೆ ಗೋಡಂಬಿ, ಬಾದಾಮಿ ಹಿಟ್ಟು, ಕೊಬ್ಬರಿ ಎಣ್ಣೆ. ಮಗು ಅಷ್ಟು ತಿನ್ನುವುದಿಲ್ಲ, ಮೊದಲ ತಿಂಗಳಲ್ಲೇ ತೂಕ ಇಳಿಯಬಹುದು. ಕ್ರೋನ್ಸ್ (ಕರುಳಿನ ದೀರ್ಘಕಾಲದ ಉರಿಯೂತ) ಇರುವ ದೊಡ್ಡವರಲ್ಲಿ ಇದನ್ನು ಮೆಡಿಟರೇನಿಯನ್ ಊಟದ ಜೊತೆ ಹೋಲಿಸಿ ನೋಡಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಆರು ವಾರಕ್ಕೆ ಲಕ್ಷಣ ಶಮನವಾದದ್ದು ಎಸ್‌ಸಿಡಿಯಲ್ಲಿ ಶೇ. 46.5, ಇನ್ನೊಂದರಲ್ಲಿ ಶೇ. 43.5. ಹೆಚ್ಚೇನೂ ವ್ಯತ್ಯಾಸವಿಲ್ಲ. ಮಕ್ಕಳ ಕರುಳು ತಜ್ಞರು ಹೇಳಿ, ಡಯಟೀಷಿಯನ್ ಕೂತು ಲೆಕ್ಕ ಹಾಕಿಕೊಟ್ಟರೆ ಮಾತ್ರ ಇದಕ್ಕೆ ಕೈಹಾಕಿ.

ಗ್ಯಾಪ್ಸ್ (‘ಗಟ್ ಅಂಡ್ ಸೈಕಾಲಜಿ ಸಿಂಡ್ರೋಮ್’ ಹೆಸರಿನ ಪಥ್ಯ): ಬೇಡ. ನತಾಶಾ ಕ್ಯಾಂಪ್‌ಬೆಲ್-ಮ್ಯಾಕ್‌ಬ್ರೈಡ್ 2004ರಲ್ಲಿ ತಂದ ಈ ಪಥ್ಯದಲ್ಲಿ ಆರು ಹಂತದ ಆರಂಭ, ಆಮೇಲೆ ಒಂದೂವರೆ–ಎರಡು ವರ್ಷ. ಮೊದಲ ಹಂತ ಹೆಚ್ಚುಕಡಿಮೆ ಮಾಂಸ-ಎಲುಬಿನ ಸಾರು, ಬೇಯಿಸಿದ ತರಕಾರಿ. ಎಲುಬಿನ ಸಾರಿನಲ್ಲಿ ಸುಣ್ಣದಂಶ ಧಾರಾಳ ಎಂಬುದು ತಪ್ಪು ನಂಬಿಕೆ, ಒಂದು ಲೋಟ ಹಾಲಿನಷ್ಟೂ ಇರುವುದಿಲ್ಲ. ಹಸಿ ಮೊಟ್ಟೆಯ ಹಳದಿ ಕೊಡಿ ಎನ್ನುವುದು ಇನ್ನೂ ಅಪಾಯ. ಎಲ್ಲಕ್ಕಿಂತ ಕೆಟ್ಟದ್ದು, ಮಗು ಸುಸ್ತಾಗಿ ವಾಂತಿ ಮಾಡಿದರೆ ‘ವಿಷ ಹೊರಗೆ ಹೋಗುತ್ತಿದೆ’ ಎಂದು ಸಮಾಧಾನ ಹೇಳುವುದು. ಅದು ಮಗುವಿನ ರಕ್ತದಲ್ಲಿ ಸಕ್ಕರೆ ಇಳಿದಿರುವ ಲಕ್ಷಣವಾಗಿರಬಹುದು. ಇದರ ಜೊತೆಗೇ ಮಾರುವ, ನೂರಾರು ಆಹಾರಗಳ ಐಜಿಜಿ (ಇನ್ನೊಂದು ಬಗೆಯ ಪ್ರತಿಕಾಯ) ರಕ್ತಪರೀಕ್ಷೆಗೂ ದುಡ್ಡು ಹಾಕಬೇಡಿ. ಐಜಿಜಿ ತೋರಿಸುವುದು ಮಗು ಏನು ತಿಂದಿದೆ ಎಂಬುದನ್ನೇ ಹೊರತು ಏನು ಒಗ್ಗದು ಎಂಬುದನ್ನಲ್ಲ.

ಲೋ-ಫಾಡ್‌ಮ್ಯಾಪ್: ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ್ದು. ಎಲ್ಲ ಪರೀಕ್ಷೆ ಸರಿಯಿದ್ದೂ ಹೊಟ್ಟೆನೋವು, ಉಬ್ಬರ ಬಿಡದ ಮಕ್ಕಳಿಗೆ ಪ್ರಯತ್ನಿಸಬಹುದಾದದ್ದು ಇದೇ, ಅದೂ 2ರಿಂದ 4 ವಾರ ಮಾತ್ರ. ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಹವ್ಯಕರ ಅಡುಗೆ ಗೊತ್ತಿರುವವರಿಗೆ ಇದು ಎಷ್ಟೋ ಸುಲಭ. ಕುಮಟೆಯ ಈರುಳ್ಳಿ ಬಾಯಿಗೆ ಸಿಹಿಯಾದರೂ ಅದರಲ್ಲೂ ಫ್ರಕ್ಟಾನ್ ಇದೆ. ಬೆಳ್ಳುಳ್ಳಿ ಪರಿಮಳ ಬೇಕೇ ಬೇಕೆಂದರೆ ಇಡೀ ಎಸಳನ್ನು ಎಣ್ಣೆಯಲ್ಲಿ ಹುರಿದು ತೆಗೆದುಹಾಕಿ. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಸಾರಿನಲ್ಲಿ ಕುದಿಸಿ ತೆಗೆದರೆ ಮಾತ್ರ ಉಪಯೋಗವಿಲ್ಲ. ಬೇಳೆಯನ್ನು ರಾತ್ರಿ ನೆನೆಸಿ ನೀರು ಚೆಲ್ಲಿ. ಮಜ್ಜಿಗೆಯ ಬದಲು ಮುರುಗಲು ಸಾರು ಆಗುತ್ತದೆ. ಇಶಾಡ್ ಮಾವಿನ ಕಾಲದಲ್ಲಿ ಪಥ್ಯ ಶುರು ಮಾಡಬೇಡಿ, ಮಕ್ಕಳ ಕೈ ಕಟ್ಟುವುದು ಕಷ್ಟ.

ಬಹಳ ಮನೆಗಳಲ್ಲಿ ತಪ್ಪುವುದು ಎರಡನೆಯ ಹಂತ, ಅಂದರೆ ಬಿಟ್ಟದ್ದನ್ನು ಮತ್ತೆ ಕೊಟ್ಟು ನೋಡುವುದು. ನೋವು ಕಡಿಮೆಯಾಯಿತೆಂದು ಅಲ್ಲಿಗೇ ನಿಲ್ಲಿಸಿ ವರ್ಷಗಟ್ಟಲೆ ಹಾಗೇ ಮುಂದುವರಿಸುತ್ತಾರೆ. ಹಾಗಲ್ಲ. ಒಂದೊಂದೇ ಗುಂಪನ್ನು ಮೂರು ದಿನ ಕೊಟ್ಟು ನೋಡಬೇಕು. ಹಾಲಾದರೆ ಮೊದಲ ದಿನ ಕಾಲು ಲೋಟ, ಮರುದಿನ ಅರ್ಧ, ಮೂರನೆಯ ದಿನ ಪೂರ್ತಿ. ಎರಡು-ಮೂರು ದಿನ ಬಿಟ್ಟು ಗೋಧಿ, ಆಮೇಲೆ ಈರುಳ್ಳಿ, ಬೇಳೆ, ಮಾವು, ಹೂಕೋಸು. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕಿ ಕ್ಯಾಲೆಂಡರಿನಲ್ಲೇ ಬರೆದಿಡಿ. ನಾಲ್ಕು ವಾರದಲ್ಲಿ ಏನೂ ಬದಲಾಗದಿದ್ದರೆ ಪಥ್ಯ ಕೆಲಸ ಮಾಡಲಿಲ್ಲವೆಂದೇ ಅರ್ಥ. ಇನ್ನೂ ಬಿಗಿ ಮಾಡಬೇಡಿ, ಬಿಟ್ಟುಬಿಡಿ. ಊಟಕ್ಕೇ ಹೆದರುವ, ಮೊದಲೇ ತೂಕ ಕಡಿಮೆ ಇರುವ ಮಗುವಿಗೆ ಇದೂ ಬೇಡ.

ದ್ರವಾಹಾರ ಚಿಕಿತ್ಸೆ: ಇದು ಕ್ರೋನ್ಸ್‌ಗೆ ಮಾತ್ರ. 6ರಿಂದ 8 ವಾರ ಅನ್ನವಿಲ್ಲ, ರೊಟ್ಟಿಯಿಲ್ಲ, ವೈದ್ಯರು ಲೆಕ್ಕ ಹಾಕಿದಷ್ಟು ಪೂರ್ಣಾಹಾರದ ಪುಡಿ ಮಾತ್ರ. ಇಲ್ಲಿರುವ ಐದರಲ್ಲಿ ಅತಿ ಕಠಿಣವಾದದ್ದು ಇದೇ, ಆದರೆ ಇದಕ್ಕೆ ಗಟ್ಟಿ ಪುರಾವೆಯೂ ಇದೆ. ಯುರೋಪಿನ ಮಾರ್ಗಸೂಚಿಗಳು ಮಕ್ಕಳ ಕ್ರೋನ್ಸ್‌ಗೆ ಸ್ಟೀರಾಯ್ಡ್‌ಗಿಂತ ಮೊದಲು ಇದನ್ನೇ ಇಡುತ್ತವೆ. ಸೋಲುವುದು ಡಬ್ಬಿ ಉಳಿಸಲು ತೆಳುವಾಗಿ ಕಲಸಿದಾಗ. ಹೊಟ್ಟೆ ತುಂಬುತ್ತದೆ, ಕ್ಯಾಲೊರಿ ತುಂಬುವುದಿಲ್ಲ. ಡಬ್ಬಿಯ ಚಮಚವನ್ನೇ ಬಳಸಿ, ಸಮತಟ್ಟು ಅಳತೆ. ಕಾರವಾರದ ಸೆಕೆಯಲ್ಲಿ ಒಂದು ಹೊತ್ತಿಗೆ ಬೇಕಾದಷ್ಟೇ ಕಲಸಿ. ಪೂರ್ತಿ ಆಗದವರಿಗೆ ಸಿಡಿಇಡಿ (ಕ್ರೋನ್ಸ್ ಡಿಸೀಸ್ ಎಕ್ಸ್‌ಕ್ಲೂಷನ್ ಡಯಟ್) ಎಂಬ ದಾರಿಯಿದೆ. ಮೊದಲ 6 ವಾರ ಅರ್ಧ ಪುಡಿ, ಉಳಿದರ್ಧ ಕೋಳಿ, ಮೊಟ್ಟೆ, ಅನ್ನ, ಬೇಯಿಸಿ ಆರಿಸಿದ ಆಲೂಗಡ್ಡೆ, ಬಾಳೆಹಣ್ಣು, ಸೇಬು. ಅನ್ನ ಇರುವುದರಿಂದ ನಮ್ಮ ಮಕ್ಕಳು ಇದನ್ನು ತಾಳಿಕೊಳ್ಳುತ್ತಾರೆ. ಸಸ್ಯಾಹಾರಿ ಮನೆಗೆ ಮಾತ್ರ ಡಯಟೀಷಿಯನ್ ಬದಲಿ ಬರೆದುಕೊಡಬೇಕು.

ಸೀಲಿಯಾಕ್‌ನ ಜೀವನಪೂರ್ತಿ ಪಥ್ಯ ಬಿಟ್ಟರೆ ಉಳಿದ ಯಾವ ಪಥ್ಯವಾದರೂ ಶುರುವಿನ ದಿನವೇ ಮುಗಿಯುವ ದಿನವನ್ನೂ ಬರೆದಿಡಿ. ವಾರಕ್ಕೊಮ್ಮೆ ಅದೇ ತಕ್ಕಡಿ, ಅದೇ ಹೊತ್ತು ತೂಕ ನೋಡಿ; ಎರಡು ವಾರ ಒಂದೇ ಸಮ ಇಳಿದರೆ ಅವತ್ತೇ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಹಾಲು ಬಿಟ್ಟ ಮಗುವಿಗೆ ರಾಗಿ ಅಂಬಲಿ, ಮುಳ್ಳುಸಮೇತ ತಿನ್ನಬಹುದಾದಷ್ಟು ಮೆತ್ತಗೆ ಬೇಯಿಸಿದ ತಾರ್ಲೆ ಮೀನು ಕೊಡಿ, ಆ ಪಥ್ಯ ಅವನ್ನು ಒಪ್ಪುತ್ತದೆಯೇ ನೋಡಿಕೊಂಡು. ಒಂದು ವರ್ಷದೊಳಗಿನ ಕೂಸಿಗೆ ಜೇನು ಯಾವ ಪಥ್ಯ ಹೇಳಿದರೂ ಬೇಡ.

ಮಲದಲ್ಲಿ ರಕ್ತ, ನಿದ್ದೆಯಿಂದ ಎಬ್ಬಿಸುವ ನೋವು, ಬಿಡದ ಜ್ವರ, ಬಾಯಿಹುಣ್ಣಿನ ಜೊತೆ ಕೀಲುನೋವು, ಎತ್ತರ ನಿಂತುಹೋಗುವುದು, ಇವುಗಳಲ್ಲಿ ಒಂದಿದ್ದರೂ ಪಥ್ಯದ ಮಾತು ಬದಿಗಿಟ್ಟು ಮೊದಲು ಮಕ್ಕಳ ವೈದ್ಯರ ಹತ್ತಿರ ಹೋಗಿ, ಅವರ ಚೀಟಿ ಹಿಡಿದು ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಹೊರಡಿ. ಹಸಿರು ವಾಂತಿಯಾದರೆ ಬೆಳಗಿನ ಬಸ್ಸಿಗೆ ಕಾಯಬೇಡಿ, ಆ ರಾತ್ರಿಯೇ ಹತ್ತಿರದ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.