ಮೂವತ್ತು ಲೀಟರಿನ ವಿದ್ಯುತ್ ಹಂಡೆ: ಮೂರು ವರ್ಷ, 26 ಸಲ ಪಿಲ್ಸ್ನರ್

ಐದಕ್ಕೆ ಮೂರು ಅಂಕ. ಕೊಂಡ ಹೊಸತರಲ್ಲಿ ಬರೆದಿದ್ದರೆ ಐದಕ್ಕೆ ಐದನ್ನೂ ಕೊಟ್ಟುಬಿಡುತ್ತಿದ್ದೆ. ಎರಡನೆಯ ವರ್ಷದ ಆಗಸ್ಟಿನಲ್ಲಿ ಬರೆದಿದ್ದರೆ ಸೊನ್ನೆ. ಒಂದೇ ಪಾತ್ರೆಯಲ್ಲಿ 26 ಸಲ ಬಿಯರ್ ಕುದಿಸಿದ ಮೇಲೆ ಮೋಹವೂ ಇಳಿದಿದೆ, ಸಿಟ್ಟೂ ಇಳಿದಿದೆ. ಈಗ ಬರೆಯಬಹುದು.

ನಾನಿರುವುದು ಜೆಕ್ ಗಣರಾಜ್ಯದ ಬ್ರನೋದಲ್ಲಿ. ಕೆಲಸ ಸಾಫ್ಟ್‌ವೇರಿನದು, ಹುಟ್ಟೂರು ಹಾಸನದ ಕಡೆಯದು. ಇಲ್ಲಿ ಮನೆ ಮಟ್ಟಿಗೆ ಬಿಯರ್ ಮಾಡಿಕೊಳ್ಳಲು ಕಾನೂನಿನ ಅಡ್ಡಿಯಿಲ್ಲ; ಸುಂಕದ ಕಚೇರಿಗೆ ತಿಳಿಸಬೇಕು, ಮಾರಬಾರದು, ಅಷ್ಟೇ. ಇದನ್ನು ಓದಿ ಊರಿನಲ್ಲಿ ಯಾರಾದರೂ ಹಂಡೆ ತರಿಸಲು ಹೊರಟರೆ ದಯವಿಟ್ಟು ನಿಲ್ಲಿ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆಮೇಲೆ ನನ್ನ ಹೆಸರು ಹೇಳಬೇಡಿ.

ನೋಡಲು ಇದು ಮದುವೆ ಮನೆಯ ಕಾಫಿ ಪಾತ್ರೆಯ ಹಾಗಿದೆ: ಸ್ಟೀಲಿನ ಉದ್ದನೆಯ ಪಾತ್ರೆ, ಕೆಳಗೊಂದು ನಲ್ಲಿ. ಒಳಗೆ ಜರಡಿಯಂಥ ತಳವಿರುವ ಇನ್ನೊಂದು ಪಾತ್ರೆ ಕೂರುತ್ತದೆ. ಒಡೆದ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಅದರೊಳಗೆ. ತಳದಲ್ಲಿ 2500 ವಾಟ್‌ನ ಹೀಟರ್. ಪಕ್ಕದಲ್ಲೊಂದು ಪುಟ್ಟ ಪಂಪ್; ಕೆಳಗಿನ ಸಿಹಿ ರಸವನ್ನು ಎತ್ತಿ ಮೇಲಿನಿಂದ ಸುರಿಯುವುದು ಅದರ ಕೆಲಸ. ಎಷ್ಟು ಡಿಗ್ರಿಯಲ್ಲಿ ಎಷ್ಟು ನಿಮಿಷ ಎಂದು ಮುಂದಿನ ಫಲಕದಲ್ಲಿ ಒತ್ತಿಟ್ಟರೆ ತಾನೇ ನೋಡಿಕೊಳ್ಳುತ್ತದೆ ಎಂಬುದು ಮಾರುವವರ ಮಾತು. 11 ಸಾವಿರ ಕೊರುನಾ ಕೊಟ್ಟೆ. ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ಪಾತ್ರೆ ಬೇರೆ ಬೇರೆ ಚೀಟಿ ಅಂಟಿಸಿಕೊಂಡು ಎಲ್ಲೆಡೆ ಸಿಗುತ್ತದೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಅಪಾರ್ಟ್‌ಮೆಂಟಿನ ಅಡುಗೆಮನೆಯ ಒಲೆಯ ಮೇಲೆ 26 ಲೀಟರ್ ನೀರನ್ನು ಕುದಿಗೆ ತರುವುದು ಆಗದ ಮಾತು. ಈ ಹಂಡೆ ನಲ್ಲಿ ನೀರನ್ನು ಮುಕ್ಕಾಲು ಗಂಟೆಯೊಳಗೆ 65 ಡಿಗ್ರಿಗೆ ತರುತ್ತದೆ. ಆಮೇಲೆ ಕುದಿಯನ್ನು ಒಂದೂವರೆ ಗಂಟೆ ಒಂದೇ ಸಮನೆ ಕಾಪಾಡುತ್ತದೆ. ಪಿಲ್ಸ್ನರಿಗೆ, ಅಂದರೆ ಜೆಕ್ ನಾಡಿನ ತಿಳಿ ಬಣ್ಣದ ಬಿಯರಿಗೆ, ಈ ಒಂದೂವರೆ ಗಂಟೆ ಬೇಕು. ತಿಳಿ ಬಣ್ಣದ ಮಾಲ್ಟಿನಲ್ಲಿ ಇರುವ ಒಂದು ಅಂಶ ಬಿಸಿಗೆ ಗಂಧಕವಿರುವ ಆವಿಯಾಗಿ ಬಿಡುಗಡೆಯಾಗುತ್ತದೆ. ಮುಚ್ಚಳ ತೆಗೆದು ಚೆನ್ನಾಗಿ ಕುದಿಸಿದರೆ ಅದು ಹಾರಿಹೋಗುತ್ತದೆ. ಮುಚ್ಚಿಟ್ಟರೆ ಬಿಯರಿಗೆ ಬೇಯಿಸಿದ ಎಲೆಕೋಸಿನ ವಾಸನೆ ಅಂಟುತ್ತದೆ. ನನ್ನ ಎರಡನೆಯ ಸಲದ ಬಿಯರ್ ಹಾಗಾಗಿತ್ತು. ಹಬೆ ಮನೆಯೆಲ್ಲ ತುಂಬುತ್ತದೆ ಎಂದು ಮುಚ್ಚಳ ಅರ್ಧ ಎಳೆದವನು ನಾನೇ, ಆ ಪಾಪ ಹಂಡೆಯದಲ್ಲ.

ಇನ್ನು ಅದರ ಪಾಪಗಳು. ಉಷ್ಣತೆ ಅಳೆಯುವ ಕಡ್ಡಿ ಇರುವುದು ತಳದಲ್ಲಿ, ಹೀಟರಿನ ಪಕ್ಕ. ಹಾಗಾಗಿ ಫಲಕ 65 ಎನ್ನುವಾಗ ಮೇಲಿನ ಮಾಲ್ಟ್ 61ರಲ್ಲಿರುತ್ತದೆ. ಬಿಯರಿನಲ್ಲಿ ನಾಲ್ಕು ಡಿಗ್ರಿ ಸಣ್ಣ ಮಾತಲ್ಲ. 62ರ ಆಸುಪಾಸಿನಲ್ಲಿ ಹೊತ್ತು ಕಳೆದರೆ ಯೀಸ್ಟ್ ತಿನ್ನಬಲ್ಲ ಸಕ್ಕರೆ ಹೆಚ್ಚಾಗಿ ಬಿಯರ್ ತೆಳುವಾಗುತ್ತದೆ. 70 ದಾಟಿದರೆ ತಿನ್ನಲಾಗದ ಸಕ್ಕರೆ ಉಳಿದು ಬಾಯಿಗೆ ತುಂಬಿಕೊಳ್ಳುತ್ತದೆ. ಜೆಕ್ ಲಾಗರಿಗೆ (ಚಳಿಯಲ್ಲಿ ಹುದುಗಿಸುವ ಬಿಯರ್ ಲಾಗರ್, ಪಿಲ್ಸ್ನರ್ ಅದರಲ್ಲೊಂದು) ಬೇಕಾದದ್ದು ಈ ಎರಡನೆಯ ತುಂಬುತನ. ಮೊದಲ ನಾಲ್ಕು ಸಲವೂ ನನ್ನ ಬಿಯರ್ ನೀರು ನೀರಾಗಿ ಬಂತು, ಕಾರಣ ಹೊಳೆಯಲೇ ಇಲ್ಲ. ಕೊನೆಗೆ ಮಗಳಿಗೆ ಜ್ವರ ನೋಡುವಷ್ಟು ಅಕ್ಕರೆಯಿಂದ, ಮೇಲಿನಿಂದ ಬೇರೊಂದು ಥರ್ಮಾಮೀಟರ್ ಇಳಿಬಿಟ್ಟು ನೋಡಿದಾಗ ಗುಟ್ಟು ತಿಳಿಯಿತು. ಇದನ್ನು ಕೊಳ್ಳುವವರು ಅದೇ ದಿನ ಇನ್ನೂರು ಕೊರುನಾದ ಇನ್ನೊಂದು ಥರ್ಮಾಮೀಟರನ್ನೂ ಕೊಳ್ಳಿ. ಫಲಕವನ್ನು ನಂಬಬೇಡಿ.

ಎರಡನೆಯದು ಆಗಸ್ಟಿನ ಕತೆ. ತಳ ಹೊತ್ತಿದರೆ ಹೀಟರನ್ನು ನಿಲ್ಲಿಸುವ ರಕ್ಷಣಾ ಗುಂಡಿಯೊಂದಿದೆ. ಒಳ್ಳೆಯ ವ್ಯವಸ್ಥೆಯೇ. ಆದರೆ ಅದನ್ನು ಮತ್ತೆ ಒತ್ತಿ ಸರಿಮಾಡುವ ಜಾಗ ಇರುವುದು ಹಂಡೆಯ ಅಡಿಯಲ್ಲಿ! ಒಳಗೆ 25 ಲೀಟರ್ ಕುದಿಯುವ ರಸ, ಹೊರಗೆ ಸೆಕೆ, ಹೀಟರ್ ಸತ್ತಿದೆ. ಹೆಂಡತಿ ಎರಡು ಕೈಗೂ ಒಲೆಯ ಕೈಗವಸು ಹಾಕಿಕೊಂಡು ಹಂಡೆಯನ್ನು ಒಂದು ಪಕ್ಕಕ್ಕೆ ಬೆರಳಿನಷ್ಟು ವಾಲಿಸಿ ಹಿಡಿದಳು. ನಾನು ನೆಲದ ಮೇಲೆ ಅಂಗಾತ ಮಲಗಿ, ಲಾರಿ ರಿಪೇರಿ ಮಾಡುವವನ ಹಾಗೆ ಕೆಳಗೆ ಕೈ ತೂರಿಸಿ, ಪೆನ್ಸಿಲಿನ ತುದಿಯಿಂದ ಗುಂಡಿ ಹುಡುಕಿದೆ. ‘ಟಕ್’ ಎಂದಿತು. ಇಪ್ಪತ್ತು ನಿಮಿಷದ ಮೇಲೆ ಮತ್ತೆ ನಿಂತಿತು. ಮತ್ತೆ ಮಲಗಿದೆ. ಈಗ ಹಂಡೆಯನ್ನು ಮೊದಲೇ ಎರಡು ಇಟ್ಟಿಗೆಗಳ ಮೇಲೆ ಕೂರಿಸುತ್ತೇನೆ. ಅಡಿಯಲ್ಲಿ ಕೈ ಹೋಗುತ್ತದೆ, ಯಾರೂ ಏನನ್ನೂ ವಾಲಿಸಬೇಕಿಲ್ಲ. ಕಂಪನಿಗೆ ಬರೆದಿದ್ದೆ. ಪಾತ್ರೆಯನ್ನು ಖಾಲಿ ಮಾಡಿ ತಿರುಗಿಸಿಕೊಳ್ಳಿ ಎಂದು ಉತ್ತರ ಬಂತು.

ತಳ ಹೊತ್ತಿದ್ದು ಏಕೆಂದರೆ, ನಾನು ಈ ಯಂತ್ರಕ್ಕೆ ಒಗ್ಗದ ಕೆಲಸ ಮಾಡುತ್ತಿದ್ದೆ. ಜೆಕ್ ಬಿಯರಿನ ಜೀವಾಳ ಡಿಕಾಕ್ಷನ್. ಕಾಫಿಯದಲ್ಲ, ಆದರೆ ಹೆಸರು ಅದೇ. ನೀರಿನಲ್ಲಿ ನೆನೆದ ಮಾಲ್ಟಿನ ಗಟ್ಟಿ ಭಾಗದ ಮೂರನೆಯ ಒಂದು ಪಾಲನ್ನು ತೋಡಿ ತೆಗೆದು, ಬೇರೆ ಪಾತ್ರೆಯಲ್ಲಿ ಹತ್ತು ಹದಿನೈದು ನಿಮಿಷ ಕುದಿಸಿ, ಮತ್ತೆ ಹಂಡೆಗೆ ಸುರಿಯುವುದು. ಅದು ಸೇರಿದ ಕೂಡಲೇ ಇಡೀ ಹಂಡೆಯ ಬಿಸಿ ಒಂದು ಮೆಟ್ಟಿಲು ಏರುತ್ತದೆ. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಬಿಸಿಯನ್ನು ಹಂತ ಹಂತವಾಗಿ ಏರಿಸಲು ಇದು ನಂಬಿಕೆಯ ದಾರಿಯಾಗಿತ್ತು. ಪ್ಲಜೆನ್ ನಗರದ ಪಿಲ್ಸ್ನರ್ ಉರ್ಕ್ವೆಲ್ ಕಾರ್ಖಾನೆ ಇಂದಿಗೂ ತಾಮ್ರದ ಪಾತ್ರೆಯಲ್ಲಿ, ನೇರ ಉರಿಯ ಮೇಲೆ, ಮೂರು ಸಲ ಹೀಗೆ ಮಾಡುತ್ತದೆ. ನಾನು ಎರಡು ಸಲ ಮಾಡುತ್ತೇನೆ. ಮೂರಕ್ಕೆ ಭಾನುವಾರ ಸಾಲದು.

ಹತ್ತಿರದಿಂದ ನೋಡಿದರೆ ಇದು ಗಂಜಿಯೇ. ಮೊದಲು ಹಾಲು ಬಿಳುಪಿನ ನೊರೆ, ಆಮೇಲೆ ಗುಳುಗುಳು ಎಂದು ದಪ್ಪ ಗುಳ್ಳೆ. ಹತ್ತನೆಯ ನಿಮಿಷಕ್ಕೆ ಬಣ್ಣ ಗೋಧಿಯಿಂದ ಜೇನಿಗೆ ತಿರುಗುತ್ತದೆ, ಆಗಷ್ಟೇ ಇಳಿಸಿದ ರೊಟ್ಟಿಯ ಅಂಚಿನ ಪರಿಮಳ ಬರುತ್ತದೆ. ಒಂದು ಗಳಿಗೆ ಕೈ ಬಿಟ್ಟರೆ ತಳ ಹಿಡಿಯುತ್ತದೆ. ಸೌಟಿನಿಂದ ಇದು ಸಾಗುವುದಿಲ್ಲ. ಅಮ್ಮ ಕಳಿಸಿದ್ದ ಮುದ್ದೆ ಕೋಲು ಒಂದಿತ್ತು. ಇಲ್ಲಿನ ಸಪಾಟು ಒಲೆಯ ಮೇಲೆ ಮುದ್ದೆ ತಿರುವಲು ಆಗದೆ ಮೂಲೆ ಸೇರಿತ್ತು. ಈಗ ಅದಕ್ಕೆ ಉದ್ಯೋಗ ಸಿಕ್ಕಿದೆ. ಒಮ್ಮೆ ವಿಡಿಯೊ ಕರೆಯಲ್ಲಿ ಅಮ್ಮ ನೋಡಿಬಿಟ್ಟರು. “ಅದೇನೋ ಅದು, ಇಷ್ಟೊಂದು ಗಂಜಿ ಯಾರಿಗೆ?” ಎಂದರು. “ಬಾರ್ಲಿ ಗಂಜಿ ಅಮ್ಮ, ಸ್ನೇಹಿತರು ಬರುತ್ತಾರೆ” ಎಂದೆ. ಸುಳ್ಳೇನಲ್ಲವಲ್ಲ.

ಕುದಿಸಿದ ಗಂಜಿಯನ್ನು ಹಂಡೆಗೆ ಮರಳಿ ಸುರಿದಾಗ ಹಿಟ್ಟು ಜರಡಿಯಿಂದ ಸೋರಿ ತಳಕ್ಕೆ ಇಳಿಯುತ್ತದೆ, ಹೀಟರಿನ ಮೇಲೆ ಕೂರುತ್ತದೆ, ಹೊತ್ತುತ್ತದೆ. ಪಂಪಿನ ಬಾಯಿಗೆ ಹೊಟ್ಟು ಸಿಕ್ಕಿಕೊಳ್ಳುತ್ತದೆ. ಈ ಯಂತ್ರವನ್ನು ರೂಪಿಸಿದವರ ಮನಸ್ಸಿನಲ್ಲಿ ಡಿಕಾಕ್ಷನ್ ಇರಲೇ ಇಲ್ಲ. ಜೆಕ್ ಲಾಗರ್ ಮಾಡಲೆಂದೇ ಇದನ್ನು ಕೊಳ್ಳುವವರಿಗೆ ನನ್ನ ದೊಡ್ಡ ತಕರಾರು ಇದು. ಡಿಕಾಕ್ಷನ್ ಬೇಡದ ಇಂಗ್ಲಿಷ್ ಏಲ್ ಬಿಯರ್ ಮಾಡುವವರಿಗೆ ಇದರ ಬಿಸಿ ತಟ್ಟದು. ಈಗ ಗಂಜಿ ಸುರಿದ ಮೇಲೆ ಹತ್ತು ನಿಮಿಷ ಪಂಪ್ ಹಾಕುವುದಿಲ್ಲ, ಹೀಟರನ್ನು ಅರ್ಧ ಶಕ್ತಿಗೆ ಇಳಿಸುತ್ತೇನೆ. ಅದಾದ ಮೇಲೆ ಹನ್ನೊಂದು ಸಲದಲ್ಲಿ ಒಮ್ಮೆ ಮಾತ್ರ ಗುಂಡಿ ಹಾರಿದೆ.

ನೀರಿನ ಮಾತು ಬೇಗ ಮುಗಿಸುತ್ತೇನೆ. ಪ್ಲಜೆನ್ನಿನ ನೀರು ಬಲು ಮೃದು, ಉಪ್ಪಿನಂಶ ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೇ ಅಷ್ಟು ಹಾಪ್ಸ್, ಅಂದರೆ ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಬಳ್ಳಿಯ ಹೂವು, ಹಾಕಿದರೂ ಕಹಿ ನಾಲಿಗೆಯನ್ನು ಕೆರೆಯುವುದಿಲ್ಲ. ನಮ್ಮ ಮನೆಯ ನಲ್ಲಿಯ ನೀರು ಕೆಟಲಿನಲ್ಲಿ ಬಿಳಿ ಪೊರೆ ಕಟ್ಟಿಸುತ್ತದೆ. ಮುಕ್ಕಾಲು ಪಾಲು ಫಿಲ್ಟರ್ ನೀರು, ಕಾಲು ಪಾಲು ನಲ್ಲಿ ನೀರು ಬೆರೆಸಿದ ದಿನದಿಂದ ಕಹಿಯ ಒರಟುತನ ಹೋಯಿತು. ಹಾಪ್ಸ್ ಮಾತ್ರ ಝಾಟೆಟ್ಸಿನದೇ, ಜರ್ಮನ್ ಹೆಸರಿನಲ್ಲಿ ಸಾಜ್. ಆ ಊರನ್ನೂ ಸುತ್ತಲಿನ ಹಾಪ್ಸ್ ತೋಟಗಳನ್ನೂ ಯುನೆಸ್ಕೊ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 20 ಲೀಟರಿಗೆ 4.5 ಕಿಲೊ ಇಲ್ಲಿನ ಮೊರಾವಿಯಾ ಸೀಮೆಯ ಮಾಲ್ಟ್. ಕುದಿಯ ಆರಂಭಕ್ಕೆ 80 ಗ್ರಾಂ ಹಾಪ್ಸ್, ಮುಗಿಯಲು ಅರ್ಧ ಗಂಟೆ ಇರುವಾಗ 30, ಹತ್ತು ನಿಮಿಷ ಇರುವಾಗ ಇನ್ನೊಂದು 20. ನನ್ನ ಪಾಕ ಇಷ್ಟೇ. ಇದರಿಂದ ಬರುವುದು ಇಲ್ಲಿನವರು ‘ದ್ವನಾಟ್ಸ್ತ್ಕಾ’ ಎನ್ನುವ ಹನ್ನೆರಡು ಡಿಗ್ರಿಯ ಬಿಯರ್. ಆ ಹನ್ನೆರಡು ಹುದುಗುವ ಮೊದಲಿನ ರಸದ ಗಾಢತೆ, ಮದ್ಯಸಾರದ ಪ್ರಮಾಣವಲ್ಲ. ಹೊಸದಾಗಿ ಬಂದ ನಮ್ಮವರು ಹೋಟೆಲಿನಲ್ಲಿ ಇದನ್ನು ನೋಡಿ ಬೆಚ್ಚುವುದುಂಟು.

ಇಷ್ಟು ಹೊತ್ತು ಹಂಡೆಯ ಗುಣದೋಷ ಹೇಳಿದೆ. ಆದರೆ ಮೂರು ವರ್ಷದಲ್ಲಿ ನನ್ನ ಬಿಯರ್ ನಿಜವಾಗಿ ಬದಲಾದದ್ದು ಹಂಡೆಯಿಂದಲ್ಲ, ಬಾಲ್ಕನಿಯಲ್ಲಿರುವ ಹಳೆಯ ಫ್ರಿಜ್ಜಿನಿಂದ. ಅದಕ್ಕೆ ಕೊಟ್ಟದ್ದು 1500 ಕೊರುನಾ. ಅದರ ವಿದ್ಯುತ್ ತಂತಿಗೆ ಸಿಕ್ಕಿಸಿರುವ, ಬೇಕಾದ ಡಿಗ್ರಿಗೆ ಫ್ರಿಜ್ಜನ್ನು ಆಡಿಸಿ ನಿಲ್ಲಿಸುವ ನಿಯಂತ್ರಕಕ್ಕೆ 800.

ಲಾಗರಿನ ಯೀಸ್ಟ್ ಚಳಿಯಲ್ಲಿ ದುಡಿಯುವ ಜಾತಿ. 1842ರ ಅಕ್ಟೋಬರ್ 5ರಂದು ಬವೇರಿಯಾದಿಂದ ಬಂದಿದ್ದ ಯೋಸೆಫ್ ಗ್ರೋಲ್ ಪ್ಲಜೆನ್ನಿನಲ್ಲಿ ಮೊದಲ ಪಿಲ್ಸ್ನರ್ ಕುದಿಸಿದಾಗ ಅವನ ಬಳಿ ಇದ್ದದ್ದು ಮರಳುಗಲ್ಲು ಕೊರೆದು ಮಾಡಿದ ನೆಲಮಾಳಿಗೆ. ಆ ನೆಲಮಾಳಿಗೆಗೆ ನಾನೂ ಇಳಿದಿದ್ದೇನೆ. ಬೇಸಿಗೆಯಲ್ಲೂ ಸ್ವೆಟರ್ ಬೇಕು. ಓಕ್ ಮರದ ಪೀಪಾಯಿಯಿಂದ ಸೋಸದ ಬಿಯರನ್ನು ಅಲ್ಲೇ ಹಿಡಿದು ಕೊಡುತ್ತಾರೆ. ನನ್ನ ಹುಚ್ಚು ಶುರುವಾದದ್ದು ಆ ಲೋಟದಿಂದ. ಮೊದಲ ವರ್ಷ ನಾನು ಬ್ರನೋದ ಚಳಿಗಾಲವನ್ನೇ ನೆಲಮಾಳಿಗೆ ಎಂದುಕೊಂಡು ಬಾಲ್ಕನಿಯಲ್ಲಿ ಹುದುಗು ಡಬ್ಬ ಇಟ್ಟೆ. ಹಗಲು 12, ರಾತ್ರಿ 2. ಯೀಸ್ಟ್ ಮಲಗುತ್ತಿತ್ತು, ಏಳುತ್ತಿತ್ತು, ಮುನಿಸಿಕೊಳ್ಳುತ್ತಿತ್ತು. ಬಿಯರಿಗೆ ಬೆಣ್ಣೆ ಕಾಯಿಸಿದ ವಾಸನೆ ಬರುತ್ತಿತ್ತು. ಅದು ಡಯಾಸೆಟೈಲ್, ಹುದುಗುವಾಗ ಹುಟ್ಟುತ್ತದೆ, ಯೀಸ್ಟ್ ಆರೋಗ್ಯವಾಗಿದ್ದರೆ ತಾನೇ ಅದನ್ನು ಹೀರಿಕೊಳ್ಳುತ್ತದೆ. ಜೆಕ್ ಬಿಯರಿನಲ್ಲಿ ಅದರ ಒಂದು ಎಳೆ ಇದ್ದರೆ ಯಾರೂ ದೂರುವುದಿಲ್ಲ. ನನ್ನದರಲ್ಲಿ ತುಪ್ಪದ ಭರಣಿಯೇ ಇತ್ತು.

ಈಗ ಹೀಗೆ ಮಾಡುತ್ತೇನೆ. ಕುದಿಸಿದ ರಸವನ್ನು ತಣ್ಣೀರು ಹರಿಯುವ ಸುರುಳಿ ಕೊಳವೆಯಿಂದ ಆರಿಸಿದರೆ 22 ಡಿಗ್ರಿಗಿಂತ ಕೆಳಗೆ ಇಳಿಯುವುದಿಲ್ಲ. ಹಾಗಾಗಿ ಆ ರಾತ್ರಿ ಡಬ್ಬ ಫ್ರಿಜ್ಜಿನೊಳಗೆ ಇರಬೇಕು, ಯೀಸ್ಟ್ ಬೆಳಿಗ್ಗೆ. ಒಂದಲ್ಲ, ಎರಡು ಪೊಟ್ಟಣ. ಚಳಿಯಲ್ಲಿ ಕೆಲಸ ಹೇಳುವಾಗ ಆಳುಗಳು ಹೆಚ್ಚಿರಬೇಕು. ಹತ್ತು ದಿನ 10 ಡಿಗ್ರಿ, ಆಮೇಲೆ ಬೆಣ್ಣೆ ಹೋಗಲೆಂದು ಮೂರು ದಿನ 14. ಅಲ್ಲಿಂದ ದಿನಕ್ಕೊಂದೆರಡು ಡಿಗ್ರಿ ಇಳಿಸುತ್ತಾ 1 ಡಿಗ್ರಿಗೆ ತಂದು ಆರು ವಾರ ಮುಟ್ಟದೆ ಬಿಡುವುದು. ಆ ಆರು ವಾರದಲ್ಲಿ ಗಂಧಕದ ನಾತ ಹೋಗುತ್ತದೆ, ಮಸಕು ತಳಕ್ಕೆ ಇಳಿಯುತ್ತದೆ, ಕಹಿ ದುಂಡಗಾಗುತ್ತದೆ. ಫ್ರಿಜ್ ಗುಯ್‌ಗುಡುತ್ತದೆ, ಅದೊಂದೇ ದೂರು.

ಲೆಕ್ಕ ಕೇಳುವವರಿಗೆ: ಒಂದು ಸಲಕ್ಕೆ ಸುಮಾರು 600 ಕೊರುನಾ, ಆರು ಯೂನಿಟ್ ವಿದ್ಯುತ್ ಸೇರಿ. ಅರ್ಧ ಲೀಟರಿಗೆ 15 ಬಿತ್ತು. ರಿಯಾಯಿತಿಯ ವಾರದಲ್ಲಿ ಅಂಗಡಿಯ ಬಾಟಲಿಯೂ ಅದರ ಸಮೀಪಕ್ಕೇ ಬರುತ್ತದೆ. ತೊಳೆಯುವ ಎರಡು ಗಂಟೆಗೆ ನನಗೆ ಕೂಲಿ ಹಾಕಿದರೆ ಇದು ಯುರೋಪಿನ ಅತಿ ದುಬಾರಿ ಬಿಯರ್. ಉಳಿದ ಹೊಟ್ಟನ್ನು ಹೆಂಡತಿ ಒಮ್ಮೆ ರಾಗಿ ರೊಟ್ಟಿಗೆ ಬೆರೆಸಿದಳು. ರುಚಿಯಿತ್ತು, ಆದರೆ ಊಟವಾದ ಮೇಲೆ ಒಂದು ಗಂಟೆ ಎಲ್ಲರೂ ಹಲ್ಲುಕಡ್ಡಿ ಹಿಡಿದು ಕೂತಿದ್ದೆವು. ಈಗ ಅದು ಮೇಲಿನ ಮಹಡಿಯ ತಾತನ ಮೊಲಗಳಿಗೆ ಹೋಗುತ್ತದೆ.

ಆ ತಾತನೇ ನನ್ನ ಪರೀಕ್ಷಕರು. ಮೂರು ವರ್ಷವಾದರೂ ನಾನು ಅವರಿಗೆ ‘ಪನೆ ಸೌಸೆದೆ’, ಅಂದರೆ ‘ನೆರೆಮನೆಯವರೇ’. ನನಗೆ ಅವರೂ ಅದೇ. ಮೊದಲ ಬಿಯರನ್ನು ಅವರು ಬೆಳಕಿಗೆ ಹಿಡಿದು ನೋಡಿ, ಒಂದು ಗುಟುಕು ಕುಡಿದು, ಮೊಲಗಳ ಆರೋಗ್ಯದ ಬಗ್ಗೆ ಮಾತು ಶುರುಮಾಡಿದರು. ಹತ್ತನೆಯ ಸಲ ನೊರೆಯ ಮೇಲೆ ಮಾತ್ರ ಟೀಕೆ ಬಂತು: ಮೂರು ಬೆರಳು ಇರಬೇಕು, ಒದ್ದೆಯಾಗಿರಬೇಕು, ಇದು ಸಾಬೂನಿನ ಗುಳ್ಳೆ ಎಂದರು. ಫ್ರಿಜ್ ಬಂದ ಮೇಲಿನ ಮೂರನೆಯ ಬಿಯರಿಗೆ ‘ಪಿತೆಲ್ನೇ’ ಎಂದರು. ಕುಡಿಯಬಹುದು ಎಂದರ್ಥ. ಜೆಕ್ ಮುದುಕರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಹಂಡೆಯ ಇಂದಿನ ಸ್ಥಿತಿ: ಪಂಪ್ ಎರಡನೆಯದು, ನಲ್ಲಿಯ ರಬ್ಬರ್ ಮೂರನೆಯದು, ಫಲಕದಲ್ಲಿ ಎಂಟು ಎಂಬ ಅಂಕಿ ಆರರ ಹಾಗೆ ಕಾಣುತ್ತದೆ. ಸ್ಟೀಲಿಗೆ ಏನೂ ಆಗಿಲ್ಲ. ಸಿಟ್ರಿಕ್ ಆಮ್ಲದಲ್ಲಿ ಅರ್ಧ ಗಂಟೆ ನೆನೆಸಿದರೆ ಹೊಸದರಂತೆ ಹೊಳೆಯುತ್ತದೆ. ಮತ್ತೆ ಕೊಳ್ಳುವುದಾದರೆ ಪಂಪೂ ಫಲಕವೂ ಇಲ್ಲದ, ಬರೀ ಹೀಟರ್ ಇರುವ ಅರ್ಧ ಬೆಲೆಯ ಹಂಡೆ ಕೊಳ್ಳುತ್ತೇನೆ, ಉಳಿದ ದುಡ್ಡಿಗೆ ಮೊದಲ ದಿನವೇ ಫ್ರಿಜ್. ಈಗ 26ನೆಯ ಬಿಯರ್ ಒಂದು ಡಿಗ್ರಿಯಲ್ಲಿ ಮಲಗಿದೆ, ಇನ್ನೂ ನಾಲ್ಕು ವಾರ ಬಾಕಿ. ತಾತ ನಿನ್ನೆ ಹೊಟ್ಟಿನ ಬಕೆಟ್ಟು ಹಿಂತಿರುಗಿಸಲು ಬಂದವರು, ತಮ್ಮ ಗಾಜಿನ ಮಗ್ಗನ್ನು ಈಗಲೇ ನಮ್ಮ ಕಪಾಟಿನಲ್ಲಿಟ್ಟು ಹೋದರು.