ಹಾಲುಹಲ್ಲು ಉದುರದ ಹುಡುಗ: ಬ್ಯಾರಿಯವರ ‘ಪೀಟರ್ ಆಂಡ್ ವೆಂಡಿ’

ಜೆ.ಎಂ. ಬ್ಯಾರಿಯವರ ‘ಪೀಟರ್ ಆಂಡ್ ವೆಂಡಿ’ ಕಾದಂಬರಿಯನ್ನು ಕೊಳ್ಳುವವರು ಹಣ ಕೊಡುವ ಮೊದಲು ಪುಸ್ತಕವನ್ನು ತಿರುವಿ ಅದರಲ್ಲಿ 17 ಅಧ್ಯಾಯಗಳು ಇವೆಯೇ ಎಂದು ಎಣಿಸಿಕೊಳ್ಳುವುದು ಒಳ್ಳೆಯದು. ಎಂದಿಗೂ ಬೆಳೆಯದ ಹುಡುಗ ಪೀಟರ್, ವೆಂಡಿ ಎಂಬ ಹುಡುಗಿಯನ್ನೂ ಅವಳ ತಮ್ಮಂದಿರನ್ನೂ ನೆವರ್‌ಲ್ಯಾಂಡ್ ಎಂಬ ದ್ವೀಪಕ್ಕೆ ಹಾರಿಸಿಕೊಂಡು ಹೋಗುವ ಕಥೆ ಇದು. ‘ಪೀಟರ್ ಪ್ಯಾನ್’ ಎಂಬ ಹೆಸರಿನಲ್ಲಿ ಇದರ ಅಗ್ಗದ ಮುದ್ರಣಗಳು ಹೇರಳವಾಗಿ ಸಿಗುತ್ತವೆ. ಮಗಳಿಗೆಂದು ನಾನು ಮೊದಲು ತಂದ ಪ್ರತಿಯ ರಟ್ಟಿನ ಮೇಲೆ ‘ಸಂಕ್ಷಿಪ್ತ’ ಎಂಬ ಮಾತು ಎಲ್ಲಿಯೂ ಇರಲಿಲ್ಲ. ಆದರೂ ಮಕ್ಕಳು ಮನೆಗೆ ಮರಳಿ ತಾಯಿಯ ತೋಳು ಸೇರಿದ ಕೂಡಲೇ ಕಥೆ ಮುಗಿದುಹೋಗಿತ್ತು. ವೆಂಡಿ ದೊಡ್ಡವಳಾಗುವ ಕೊನೆಯ ಅಧ್ಯಾಯವನ್ನೇ ಕತ್ತರಿಸಿ ಹಾಕಿದ್ದರು. ಬೆಳೆಯುವುದರ ಬಗೆಗಿನ ಕಾದಂಬರಿಯಿಂದ ಬೆಳೆದ ಭಾಗವನ್ನೇ ತೆಗೆದ ಮೇಲೆ ಉಳಿಯುವುದು ಕಡಲ್ಗಳ್ಳರು ಮತ್ತು ಒಂದು ಮೊಸಳೆ ಮಾತ್ರ.

ಈ ಕಥೆ ಮೊದಲು ನಾಟಕವಾಗಿ 1904ರ ಡಿಸೆಂಬರ್ 27ರಂದು ಲಂಡನ್ನಿನ ಡ್ಯೂಕ್ ಆಫ್ ಯಾರ್ಕ್ಸ್ ರಂಗಮಂದಿರದಲ್ಲಿ ಪ್ರದರ್ಶನಗೊಂಡಿತು. ಕಾದಂಬರಿಯ ರೂಪ ಬಂದದ್ದು 1911ರಲ್ಲಿ. ನಾಟಕ ನೋಡಿದ ಮಕ್ಕಳು ಹಾಸಿಗೆಯ ಮೇಲಿಂದ ಹಾರಲು ಹೋಗಿ ಪೆಟ್ಟು ಮಾಡಿಕೊಂಡದ್ದರಿಂದ, ಯಕ್ಷಿಣಿಯ ಪುಡಿ ಮೈಗೆ ತಾಗದೆ ಯಾರೂ ಹಾರಲಾರರು ಎಂಬ ಮಾತನ್ನು ತಾವು ಆಮೇಲೆ ಸೇರಿಸಬೇಕಾಯಿತೆಂದು ಬ್ಯಾರಿ ಬರೆದುಕೊಂಡಿದ್ದಾರೆ. ಕೃತಿಯ ಹಕ್ಕುಗಳನ್ನು ಅವರು 1929ರಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಗೆ ದಾನವಾಗಿ ಕೊಟ್ಟರು.

ಈ ಪುಸ್ತಕ ಓದಿದವರಲ್ಲಿ ಒಮ್ಮತ ಕಾಣುವುದು ಕಷ್ಟ. ಚಲನಚಿತ್ರದ ಪೀಟರ್‌ನನ್ನು ನೋಡಿ ಬಂದವರಿಗೆ ಕಾದಂಬರಿಯ ಪೀಟರ್ ಅಹಂಕಾರಿಯಾಗಿಯೂ ನಿರ್ದಯನಾಗಿಯೂ ಕಾಣುತ್ತಾನೆ, ಮತ್ತು ಅವರ ದೂರಿನಲ್ಲಿ ಸುಳ್ಳೇನೂ ಇಲ್ಲ. ತನ್ನ ದ್ವೀಪದ ಹುಡುಗರು ಬೆಳೆಯುತ್ತಿರುವಂತೆ ಕಂಡರೆ, ಅದು ನಿಯಮಕ್ಕೆ ವಿರುದ್ಧವಾದ್ದರಿಂದ, ಅವರ ಸಂಖ್ಯೆಯನ್ನು ಪೀಟರ್ ಕಡಿಮೆ ಮಾಡುತ್ತಾನೆ ಎಂದು ಲೇಖಕರು ಒಂದೇ ವಾಕ್ಯದಲ್ಲಿ, ಹವಾಮಾನದ ಸಂಗತಿ ಹೇಳುವಷ್ಟು ಸಲೀಸಾಗಿ ಹೇಳಿ ಮುಂದೆ ಹೋಗಿಬಿಡುತ್ತಾರೆ. ಇನ್ನು ಕೆಲವರು ಇದನ್ನು ಬಾಲ್ಯದ ಮುಗ್ಧತೆಯ ಕೊಂಡಾಟವೆಂದು ಮೆಚ್ಚುತ್ತಾರೆ. ಆ ಮೆಚ್ಚುಗೆಯೇ ನನಗೆ ಅನುಮಾನ ಹುಟ್ಟಿಸುತ್ತದೆ, ಏಕೆಂದರೆ ಕಾದಂಬರಿಯ ಕಟ್ಟಕಡೆಯ ವಾಕ್ಯವು ಮಕ್ಕಳನ್ನು ಉಲ್ಲಾಸಿಗಳು ಮತ್ತು ಮುಗ್ಧರು ಎಂದು ಕರೆದು ಅಷ್ಟಕ್ಕೇ ನಿಲ್ಲುವುದಿಲ್ಲ, ಹೃದಯವಿಲ್ಲದವರು ಎಂಬ ಮಾತನ್ನೂ ಸೇರಿಸುತ್ತದೆ.

ನನ್ನ ಮಟ್ಟಿಗೆ ಈ ಕಾದಂಬರಿಯ ನಿಜವಾದ ವಸ್ತು ಮರೆವು. ಪೀಟರ್‌ಗೆ ವಯಸ್ಸಾಗದಿರುವುದಕ್ಕೂ ಅವನಲ್ಲಿ ನೆನಪು ನಿಲ್ಲದಿರುವುದಕ್ಕೂ ಸಂಬಂಧವಿದೆ. ನೆವರ್‌ಲ್ಯಾಂಡಿಗೆ ಹಾರುವ ದಾರಿಯಲ್ಲಿಯೇ ಅವನು ಆಗಾಗ ದೂರ ಹೋಗಿ ಬರುವಷ್ಟರಲ್ಲಿ ಜೊತೆಗಿರುವವರನ್ನು ಮರೆಯುತ್ತಾನೆ. ವೆಂಡಿ ತನ್ನ ಹೆಸರನ್ನು ತಾನೇ ನೆನಪಿಸಬೇಕಾಗುತ್ತದೆ. ಈ ಸಣ್ಣ ಸಂಗತಿ ಅಲ್ಲಿ ತಮಾಷೆಯಂತೆ ಬಂದು, ಕೊನೆಯ ಅಧ್ಯಾಯದಲ್ಲಿ ಎದೆಗೆ ನಾಟುತ್ತದೆ. ಒಂದು ವರ್ಷದ ಬಳಿಕ ಅವನು ಬಂದಾಗ ಹಳೆಯ ಸಾಹಸಗಳ ಬಗ್ಗೆ ಮಾತಾಡಲು ವೆಂಡಿ ಕಾತರದಿಂದಿರುತ್ತಾಳೆ, ಆದರೆ ಕಡಲ್ಗಳ್ಳರ ನಾಯಕನಾಗಿದ್ದ ಕ್ಯಾಪ್ಟನ್ ಹುಕ್ ಯಾರೆಂದು ಅವನೇ ಅವಳನ್ನು ಕೇಳುತ್ತಾನೆ. ಅವನಿಗಾಗಿ ವಿಷ ಕುಡಿದ ಯಕ್ಷಿಣಿ ಟಿಂಕರ್ ಬೆಲ್ ಕೂಡ ಅವನ ನೆನಪಿನಲ್ಲಿಲ್ಲ. ಮರುವರ್ಷ ಅವನು ಬರುವುದೇ ಇಲ್ಲ, ಅದರ ಮುಂದಿನ ವರ್ಷ ಬಂದಾಗ ನಡುವೆ ಒಂದು ವರ್ಷ ತಪ್ಪಿದೆ ಎಂಬುದು ಅವನಿಗೆ ಗೊತ್ತೂ ಇಲ್ಲ. ಈ ಭಾಗವನ್ನು ನಾನು ಕನ್ನಡದಲ್ಲಿ ಹೇಳುತ್ತಾ ಓದುತ್ತಿದ್ದಾಗ, ಅಲ್ಲಾಡುತ್ತಿದ್ದ ದವಡೆಹಲ್ಲನ್ನು ನಾಲಿಗೆಯಿಂದ ತಳ್ಳುತ್ತ ಕೂತಿದ್ದ ಮಗಳು ತಟ್ಟನೆ ಅದನ್ನು ನಿಲ್ಲಿಸಿ, “ಅಮ್ಮಾ, ಹಾಗಾದ್ರೆ ಅವಳೊಬ್ಬಳೇ ಎಲ್ಲಾ ನೆನಪಿಟ್ಕೊಂಡಿರ್ಬೇಕಾ?” ಎಂದು ಕೇಳಿದಳು. ಪೀಟರ್‌ನ ಹಾಲುಹಲ್ಲುಗಳು ಒಂದೂ ಉದುರಿಲ್ಲ ಎಂಬ ವಿವರ ಅವಳಿಗೆ ಮೊದಲ ದಿನ ಅಸೂಯೆ ತಂದಿತ್ತು. ಅಂದು ಆ ಮಾತೇ ಬರಲಿಲ್ಲ.

ಇದು ಮಕ್ಕಳ ಪುಸ್ತಕವೇ ಅಲ್ಲ, ಮಕ್ಕಳ ತಲೆಯ ಮೇಲಿಂದ ದೊಡ್ಡವರಿಗೆ ಕಣ್ಣು ಮಿಟುಕಿಸುವ ಪುಸ್ತಕ ಎಂಬ ಆಕ್ಷೇಪವೂ ಇದೆ. ಕಥೆಯ ನಡುವೆ ಲೇಖಕರು ಪದೇ ಪದೇ ತಲೆ ಹಾಕುತ್ತಾರೆ ಎಂಬುದು ನಿಜ, ಮತ್ತು ಹುಕ್‌ನ ಶಾಲೆಯ ಗತ್ತು, ಶಿಷ್ಟಾಚಾರದ ಬಗೆಗಿನ ಅವನ ಗೀಳು ಇಂಗ್ಲೆಂಡಿನ ವರ್ಗಭೇದ ತಿಳಿಯದ ಮಗುವಿಗೆ ಪೂರ್ತಿ ದಕ್ಕುವುದಿಲ್ಲ. ಆದರೆ ಔಷಧಿಯ ಪ್ರಸಂಗವನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ. ವೆಂಡಿಯ ತಂದೆ ಡಾರ್ಲಿಂಗ್ ಮಗ ಮೈಕೆಲ್‌ನ ಎದುರು ಧೈರ್ಯದ ಜಂಬ ಕೊಚ್ಚಿ, ಇಬ್ಬರೂ ಒಟ್ಟಿಗೆ ಔಷಧಿ ಕುಡಿಯೋಣವೆಂದು ಒಪ್ಪಿ, ಮಗ ಕುಡಿದ ಕೂಡಲೇ ತನ್ನ ಲೋಟವನ್ನು ಬೆನ್ನ ಹಿಂದೆ ಬಚ್ಚಿಡುತ್ತಾನೆ. ಆಮೇಲೆ ಅದನ್ನು ದಾದಿಯ ಕೆಲಸ ಮಾಡುವ ನಾಯಿ ನಾನಾಳ ಬಟ್ಟಲಿಗೆ ಸುರಿದು, ಹಾಲೆಂದು ನಂಬಿಸಿ ಕುಡಿಸುತ್ತಾನೆ. ಯಾರೂ ನಗುವುದಿಲ್ಲ; ಸಿಟ್ಟಿಗೆದ್ದ ಅವನು ನಾಯಿಯನ್ನೇ ಅಂಗಳದಲ್ಲಿ ಕಟ್ಟಿಹಾಕುತ್ತಾನೆ, ಮಕ್ಕಳು ಹಾರಿಹೋಗಲು ದಾರಿಯಾಗುವುದು ಆ ಕಟ್ಟಿನಿಂದಲೇ. ವಯಸ್ಸಾದವರೆಲ್ಲ ಬೆಳೆದವರಲ್ಲ ಎಂಬುದು ಮಗುವಿಗೆ ಇಲ್ಲಿ ತಾನಾಗಿಯೇ ತಿಳಿಯುತ್ತದೆ. ನಮ್ಮ ಮನೆಯಲ್ಲಿ ಈ ಪುಟಗಳನ್ನು ಮೂರು ಸಲ ಓದಿಸಿಕೊಂಡದ್ದೂ ಇದೇ ಕಾರಣಕ್ಕಿರಬೇಕು, ಓದಿಸಿಕೊಂಡವಳು ಪ್ರತಿ ಸಲವೂ ಅಪ್ಪನ ಕಡೆಗೆ ನೋಡುತ್ತಿದ್ದಳು.

ಸಮರ್ಥಿಸಲಾಗದ ಭಾಗಗಳೂ ಇವೆ. ದ್ವೀಪದ ಮೂಲನಿವಾಸಿಗಳನ್ನು ಕುರಿತ ಪುಟಗಳ ಭಾಷೆ ಇಂದು ಓದಲು ಮುಜುಗರ ತರುತ್ತದೆ; ಆ ಕಾಲ ಹಾಗಿತ್ತು ಎಂಬ ಸಮಾಧಾನ ಸಾಲದು, ಏಕೆಂದರೆ ಕಥೆಯಾಗಿಯೂ ಆ ಪುಟಗಳು ಬಡವಾಗಿವೆ. ಗಟ್ಟಿಯಾಗಿ ಓದುವವರು ಅವುಗಳನ್ನು ಮೊದಲೇ ಓದಿಕೊಂಡು, ಮಗುವಿಗೆ ಏನು ಹೇಳಬೇಕೆಂದು ನಿರ್ಧರಿಸಿಕೊಂಡಿರುವುದು ಮೇಲು. ನೆಲದಡಿಯ ಮನೆಯಲ್ಲಿ ಹುಡುಗರೆಲ್ಲ ಬೇಟೆ, ಯುದ್ಧ ಎಂದು ಅಲೆಯುವಾಗ ವೆಂಡಿ ಕಾಲುಚೀಲ ರಫೂ ಮಾಡುತ್ತ ಕೂರುವುದನ್ನು ಅನೇಕ ಓದುಗರು ಟೀಕಿಸುತ್ತಾರೆ. ಆ ಟೀಕೆ ನ್ಯಾಯವಾದದ್ದೇ, ಆದರೂ ಮನೆಗೆ ಹಿಂದಿರುಗುವ ತೀರ್ಮಾನ ತೆಗೆದುಕೊಳ್ಳುವವಳು ಅವಳೇ ಎಂಬುದನ್ನು ಮರೆಯಬಾರದು.

ಒಂಬತ್ತು ಹತ್ತು ವರ್ಷದ ಮಕ್ಕಳಿಗೆ ದಿನಕ್ಕೊಂದು ಅಧ್ಯಾಯದಂತೆ ದೊಡ್ಡವರೇ ಓದಿ ಹೇಳಿದರೆ ಈ ಕಾದಂಬರಿ ಚೆನ್ನಾಗಿ ಒಲಿಯುತ್ತದೆ. ಮಗುವಿನ ಕೈಗೆ ಪುಸ್ತಕ ಕೊಟ್ಟು ಸುಮ್ಮನಾಗುವುದನ್ನು ನಾನು ಶಿಫಾರಸು ಮಾಡಲಾರೆ. ವಾಕ್ಯಗಳು ಉದ್ದ, ವ್ಯಂಗ್ಯ ಸೂಕ್ಷ್ಮ. 1911ರ ಮೊದಲ ಮುದ್ರಣಕ್ಕೆ ಎಫ್.ಡಿ. ಬೆಡ್‌ಫರ್ಡ್ ಬರೆದ ಚಿತ್ರಗಳಿರುವ ಪ್ರತಿ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ಕೊನೆಯ ಅಧ್ಯಾಯದಲ್ಲಿ ಪೀಟರ್ ಮತ್ತೆ ಕಿಟಕಿಯಿಂದ ಇಳಿದು ಬಂದಾಗ, ಬೆಂಕಿಯ ಬೆಳಕಿನಲ್ಲಿ ನೆಲದ ಮೇಲೆ ಕುಳಿತ ವೆಂಡಿ ತಾನು ಬೆಳೆದಿರುವುದು ಅವನಿಗೆ ಕಾಣದಿರಲೆಂದು ಆದಷ್ಟು ಕುಗ್ಗಿ ಚಿಕ್ಕವಳಾಗಲು ನೋಡುತ್ತಾಳೆ. ಅವಳ ಮಗಳು ಜೇನ್ ಪಕ್ಕದ ಮಂಚದಲ್ಲಿ ಮಲಗಿದ್ದಾಳೆ. ಆ ಪುಟ ಓದುವ ರಾತ್ರಿ, ಮುಗಿದ ಕೂಡಲೇ ದೀಪ ಆರಿಸುವ ಅವಸರ ಇಟ್ಟುಕೊಳ್ಳಬೇಡಿ.