ಕ್ರಿಸ್‌ಮಸ್ ಲೈಟಿಂಗ್ ಟೂರ್ ಅಂತ ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ

ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಫಾರಿನ್ ಗೆಸ್ಟ್ ಬರೋರಿದ್ದರೆ ದಯವಿಟ್ಟು ಓದಿ. ಇನ್ನೂ ಮೈ ಉರೀತಾ ಇದೆ.

ಮಗ ಜರ್ಮನಿಯಲ್ಲಿ ಓದುವಾಗ ಬಾಡಿಗೆಗಿದ್ದ ಮನೆಯ ಯಜಮಾನರು, ಅವರ ಹೆಂಡತಿ ಬಂದಿದ್ರು. ನ್ಯೂರೆಂಬರ್ಗ್‌ನವರು, ಕ್ರಿಸ್‌ಮಸ್ ಮಾರ್ಕೆಟ್‌ಗೇ ಹೆಸರಾದ ಊರು ಅದು. ಅವರಿಗೆ ದೀಪ ಏನು ಹೊಸದಾ? ಆಯಮ್ಮಂಗೆ ಒಂದೇ ಆಸೆ, ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದಲ್ಲಿ ಸೀರೆ ಉಟ್ಟ ಮೇರಿಯಮ್ಮನ್ನ ನೋಡಬೇಕು ಅಂತ. ಒಂದು ಟ್ರಾವೆಲ್ಸ್‌ನವರ ಕ್ರಿಸ್‌ಮಸ್ ಲೈಟಿಂಗ್ ಟೂರ್ ಬುಕ್ ಮಾಡಿದೆ, ಪ್ಯಾಕೇಜ್‌ನಲ್ಲಿ ಅದೂ ಇತ್ತು. ಬೆಸಿಲಿಕಾ, ಸೇಂಟ್ ಮಾರ್ಕ್ಸ್, ಬ್ರಿಗೇಡ್ ರೋಡ್, ಚರ್ಚ್ ಸ್ಟ್ರೀಟ್, ಕೊನೆಗೆ ಪ್ಲಮ್ ಕೇಕ್, ಜೊತೆಗೆ ಇಂಗ್ಲಿಷ್ ಗೈಡ್. 7,500 ರೂಪಾಯಿ. 4,000 ಅಡ್ವಾನ್ಸ್ ಫೋನ್‌ಪೇ ಮಾಡಿಸಿಕೊಂಡರು.

ಐದಕ್ಕೆ ಬರಬೇಕಾದ ಕಾರು ಬಂದಿದ್ದು ಆರೂಕಾಲಿಗೆ. ಗೈಡ್ ಎಲ್ಲಪ್ಪಾ ಅಂದ್ರೆ "ನಾನೇ ಮೇಡಂ" ಅಂದ ಡ್ರೈವರ್. ಸರಿ, ಹೋಗಲಿ ಅಂದುಕೊಂಡೆ. ದಾರಿಯಲ್ಲಿ "ಐದೇ ನಿಮಿಷ, ಒಳ್ಳೆ ಟಾಯ್ಲೆಟ್ ಇದೆ" ಅಂತ ಒಂದು ಹ್ಯಾಂಡಿಕ್ರಾಫ್ಟ್ ಶೋರೂಮ್ ಮುಂದೆ ನಿಲ್ಲಿಸಿದ. ಟೀ ಬಂತು, ಶಾಲುಗಳು ಬಿಚ್ಚಿಕೊಂಡವು, ಗಂಧದ ಆನೆ ಬಂತು. ಎಂಟು ಹೊಡೀತು! ಬರೀಗೈಯಲ್ಲಿ ಏಳೋಕೆ ಸಂಕೋಚವಾಗಿ ಆಯಮ್ಮ 6,800 ಕೊಟ್ಟು ಒಂದು ಶಾಲು ತಗೊಂಡರು. ಆಚೆ ಬರ್ತಾ ನೋಡ್ತೀನಿ, ಕೌಂಟರ್ ಹುಡುಗ ಉದ್ದನೆ ಪುಸ್ತಕದಲ್ಲಿ ನಮ್ಮ ಕಾರ್ ನಂಬರ್ ಬರೆದು, ಎದುರಿಗೆ 6,800 ಅಂತ ಹಾಕಿ, ಡ್ರೈವರ್ ಹತ್ರ ಸೈನ್ ಹಾಕಿಸ್ಕೊತಾ ಇದ್ದಾನೆ. ನಾನು ನಿಂತಿರೋದು ಕಂಡು ಪುಸ್ತಕ ಮುಚ್ಚಿದ. ನನ್ನ ಮನೆಗೆ ಬಂದ ಅತಿಥಿಗಳ ಮೇಲೆ ಕಮಿಷನ್! ನಾನೇ ದುಡ್ಡು ಕೊಟ್ಟು, ನಾನೇ ಕರ್ಕೊಂಡು ಬಂದು.

ಆಮೇಲೆ "ಟೂರ್" ಶುರು. ಎಂ.ಜಿ. ರೋಡ್‌ನಲ್ಲಿ ಹೋಗ್ತಾ ಹೋಗ್ತಾ ಗುಮ್ಮಟ ತೋರಿಸಿ "ಬೆಸಿಲಿಕಾ" ಅಂದ. ಅಯ್ಯೋ, ಅದು ಸೇಂಟ್ ಮಾರ್ಕ್ಸ್! ಬೆಸಿಲಿಕಾಗೆ ಚೂಪು ಗೋಪುರ, ಇರೋದು ರಸೆಲ್ ಮಾರ್ಕೆಟ್ ಹತ್ತಿರ. ನಮ್ಮ ಗೆಸ್ಟೇ ಪುಸ್ತಕದಲ್ಲಿ ಓದಿ ಬಂದಿದ್ರು, 1923ರಲ್ಲಿ ಬೆಂಕಿಗೆ ಸಿಕ್ಕಿ ಮತ್ತೆ ಕಟ್ಟಿದ ಚರ್ಚ್ ಇದೇ ಅಲ್ವಾ ಅಂತ ಮೆಲ್ಲಗೆ ನನ್ನನ್ನ ಕೇಳಿದರು. ನಾಚಿಕೆಯಿಂದ ಕಿಟಕಿ ಕಡೆ ಮುಖ ತಿರುಗಿಸಿಕೊಂಡೆ. ಬ್ರಿಗೇಡ್ ರೋಡ್ ಸಿಗ್ನಲ್‌ನಲ್ಲಿ ಕಾರು ನಿಂತಿದ್ದಷ್ಟೇ ನಮ್ಮ ಲೈಟಿಂಗ್. "ಫೋಟೋ ತಗೊಳ್ಳಿ ಸಾರ್, ಬೇಗ ಬೇಗ." ಅಷ್ಟರಲ್ಲಿ ಹಸಿರು ಬಿತ್ತು. ಬೆಸಿಲಿಕಾಗೆ ಲೇಟಾಯ್ತಂತೆ. ಕೇಕ್ ಕಾರಲ್ಲೇ ಕೊಟ್ಟ, ಪ್ಲಾಸ್ಟಿಕ್ ಸುತ್ತಿದ ಬಾರ್ ಕೇಕ್.

ಮನೆ ಮುಂದೆ ಬಾಕಿ 3,500 ಜೊತೆಗೆ 600 ವೇಟಿಂಗ್ ಚಾರ್ಜ್ ಕೇಳಿದ. ಯಾವ ವೇಟಿಂಗು? ಶೋರೂಮ್‌ದು! ಅವನ ಕಮಿಷನ್‌ಗೆ ಕಾದಿದ್ದಕ್ಕೆ ನಾನು ದುಡ್ಡು ಕೊಡಬೇಕು!! ಗೆಸ್ಟ್ ಮುಂದೆ ರಂಪ ಬೇಡ ಅಂತ ಕೊಟ್ಟೆ.

ಮಾರನೇ ದಿನ ಟ್ರಾವೆಲ್ಸ್ ಓನರ್‌ಗೆ ಫೋನ್ ಮಾಡಿದ್ರೆ "ಲೈಟ್ ನೋಡಿದ್ರಲ್ಲ ಮೇಡಂ?" ಅಂತಾನೆ. ಬೆಸಿಲಿಕಾ? "ಟ್ರಾಫಿಕ್ ನಮ್ಮ ಕೈಯಲ್ಲಿದೆಯಾ?" ಶೋರೂಮ್? "ಅವರೇ ಖುಷಿಯಾಗಿ ತಗೊಂಡ್ರಂತಲ್ಲ." ಚರ್ಚ್ ಹೆಸರೇ ತಪ್ಪು ಹೇಳಿದ್ದು? "ಫಾರಿನರ್ಸ್‌ಗೆ ಏನ್ ಗೊತ್ತಾಗತ್ತೆ ಬಿಡಿ, ಎಲ್ಲಾ ಒಂದೇ." ಅವರಿಗೆ ಗೊತ್ತಿತ್ತು ಕಣಯ್ಯಾ, ನಿನ್ನ ಗೈಡ್‌ಗೇ ಗೊತ್ತಿರಲಿಲ್ಲ!

ಕಾರು ಬೇಡವೇ ಬೇಡ. ಮೆಟ್ರೋದಲ್ಲಿ ಎಂ.ಜಿ. ರೋಡ್‌ಗೆ ಹೋಗಿ ಇಳೀರಿ. ಬ್ರಿಗೇಡ್ ರೋಡ್, ಚರ್ಚ್ ಸ್ಟ್ರೀಟ್, ಸೇಂಟ್ ಮಾರ್ಕ್ಸ್ ಎಲ್ಲಾ ಕಾಲ್ನಡಿಗೆಯಲ್ಲೇ ಆಗತ್ತೆ. ಬೆಸಿಲಿಕಾಗೆ ಬೆಳಕಿರುವಾಗಲೇ ಆಟೋದಲ್ಲಿ ಹೋಗಿ. ಯಾರಾದ್ರೂ "ಐದೇ ನಿಮಿಷ" ಅಂದ್ರೆ ಕಾರಿಂದ ಇಳೀಬೇಡಿ. ಅಡ್ವಾನ್ಸ್ ಅಂತೂ ಕೊಡಲೇಬೇಡಿ.

ನಿನ್ನೆ ಆ ಓನರ್ ಮತ್ತೆ ಮೆಸೇಜ್ ಹಾಕಿದ್ದ. "500 ವಾಪಸ್ ಹಾಕ್ತೀನಿ ಮೇಡಂ, ಯಾರ ಹತ್ರನೂ ಹೇಳ್ಬೇಡಿ" ಅಂತ. ಹೇಳ್ತಾ ಇದೀನಿ.